ಕೊನೆಯ ದೋಣಿಯ ರಾಜ

ಎರ್ಮಾಳಿನ ಲೀಲಾಧರ ಮೆಂಡನ್ ಮೀನಿನ ಕಾಲದಲ್ಲಿ ರಂಪಣಿ ತಂಡದ ಮುಂದಾಳು, ಮಳೆಗಾಲದಲ್ಲಿ ತಾಳಮದ್ದಳೆಯಲ್ಲಿ ಕೂತು ಪಾತ್ರದ ಮಾತಾಡುವ ಅರ್ಥಧಾರಿ. ಊರೆಲ್ಲ ಸೇರಿ ದಡದಿಂದ ಎಳೆಯುವ ಆ ಉದ್ದನೆಯ ಬಲೆಗೆ ಅವನ ಮಾತೇ ಮಾತು. ಭಜನಾ ಮಂದಿರದಲ್ಲಿ ಕುಳಿತರೆ ಅವನಿಗೆ ಯಾವಾಗಲೂ ಒಂದೇ ಪಾತ್ರ: ಸೋತ ಸೈನ್ಯವನ್ನು ಹೊಳೆ ದಾಟಿಸುವಾಗ ಸ್ವಂತ ಮಗನನ್ನು ಕೊನೆಯ ದೋಣಿಗೆ ಉಳಿಸಿದ ಹಳೆಯ ಕಾವ್ಯವೊಂದರ ರಾಜ. "ನಾಯಕನ ಅನ್ನ ಕೊನೆಗೆ, ನಾಯಕನ ಮಗನ ಸರದಿ ಅದಕ್ಕಿಂತಲೂ ಕೊನೆಗೆ" ಎಂದು ಅವನು ಅರ್ಥ ಹೇಳಿದರೆ ಕಾಪುವಿನಿಂದ ಬಂದವರೂ ತಲೆದೂಗುತ್ತಿದ್ದರು. ಹೆಂಡತಿ ಗುಣವತಿ ಮಾತ್ರ ಹಿಂದಿನ ಚಾಪೆಯಲ್ಲಿ ಕೂತು, ಆ ರಾಜನ ಹೆಂಡತಿ ಎಲ್ಲಿ ಹಾಳಾಗಿ ಹೋದಳು ಎಂದುಕೊಳ್ಳುತ್ತಿದ್ದಳು. ಪ್ರಸಂಗದಲ್ಲಿ ಆ ರಾಣಿಗೆ ಒಂದು ಪದವೂ ಇರಲಿಲ್ಲ.

ಎಪ್ಪತ್ತರ ದಶಕ ಮುಗಿಯುವ ಹೊತ್ತಿಗೆ ಮಲ್ಪೆಗೆ ದೊಡ್ಡ ಸುತ್ತುಬಲೆ ಹಾಕುವ ಯಂತ್ರದ ಪರ್ಸಿನ್ ಬೋಟುಗಳು ಬಂದವು. ಮೀನು ದಡಕ್ಕೆ ಬರುವ ಮೊದಲೇ ಹೊರಕಡಲಿನಲ್ಲಿ ಬಾಚಿಕೊಂಡು ಹೋದರೆ ರಂಪಣಿಗೆ ಉಳಿಯುವುದೇನು? ತಂಡ ಮುರಿಯಿತು. ಲೀಲಾಧರ ಮಾನ ಬಿಟ್ಟು ಬೋಟಿನ ಧಣಿಗಳ ಬಾಗಿಲು ಕಾದು, ತನ್ನವರನ್ನು ಒಬ್ಬೊಬ್ಬರಾಗಿ ಕೆಲಸಕ್ಕೆ ಸೇರಿಸಿದ. ಕೊನೆಗೆ ಉಳಿದದ್ದು ಒಂದು ಜಾಗ. ಕಾಯುತ್ತಿದ್ದವರು ಇಬ್ಬರು: ಬಸುರಿ ಹೆಂಡತಿಯಿದ್ದ ಸರ್ವೋತ್ತಮ, ಮತ್ತು ಲೀಲಾಧರನ ಒಬ್ಬನೇ ಮಗ ತಾರಾನಾಥ.

"ಇದೊಂದು ಸಲ ಮಗನ ಹೆಸರು ಹೇಳಿ. ನಾನು ನಿಮ್ಮಲ್ಲಿ ಬೇರೆ ಎಂತ ಕೇಳಿದ್ದುಂಟು?" ಎಂದಳು ಗುಣವತಿ.

"ಮತ್ತೆ ಊರಿನವರ ಮುಖ ನೋಡುವುದು ಹೇಗೆ?" ಎಂದ ಲೀಲಾಧರ. ಹೋಗಿ ಸರ್ವೋತ್ತಮನ ಹೆಸರು ಹೇಳಿ ಬಂದ.

ತಾರಾನಾಥ ತಂದೆಯ ಮೇಲೆ ಮುನಿಸಿಕೊಳ್ಳಲಿಲ್ಲ. ಮುನಿಸಿಕೊಂಡು ಮನೆಯಲ್ಲೇ ಕೂತಿದ್ದರೆ ಎಷ್ಟೋ ಚೆನ್ನಾಗಿತ್ತು. ರತ್ನಾಗಿರಿ ಕಡೆಯ ಒಂದು ಹಳೆಯ ಬೋಟಿಗೆ ಸೇರಿಕೊಂಡ. ಆ ಬೋಟು ಗಾಳಿಗೆ ಸಿಕ್ಕಿ ಮುಳುಗಿತು. ಹೆಣವೂ ಸಿಗಲಿಲ್ಲ.

ಊರಿನವರು ಬಂದು ಲೀಲಾಧರನ ದೊಡ್ಡತನವನ್ನು ಹೊಗಳಿದರು. ಸರ್ವೋತ್ತಮ ಅಂಗಳದಲ್ಲಿ ಕೂತು ಅತ್ತ. ಗುಣವತಿ ಬಂದವರಿಗೆಲ್ಲ ನೀರು ಕೊಟ್ಟಳು, ಗಂಡನೊಡನೆ ಮಾತು ಬಿಟ್ಟಳು. ಬಡಿಸುವಳು, ಬಟ್ಟೆ ಒಗೆಯುವಳು, ಮಾತಿಲ್ಲ. ವರ್ಷಗಳು ಹಾಗೆಯೇ ಕಳೆದವು. ತಾಳಮದ್ದಳೆಗೆ ಕರೆಯಲು ಬಂದವರನ್ನು ಲೀಲಾಧರ ಗಂಟಲು ಸರಿಯಿಲ್ಲವೆಂದು ಹಿಂದೆ ಕಳುಹಿಸುತ್ತಿದ್ದ.

ಒಂದು ಮಧ್ಯಾಹ್ನ ಹರಿದ ಬಲೆ ಸರಿಮಾಡುತ್ತಾ ಕುಳಿತಿದ್ದವನು ತಲೆ ಎತ್ತದೆ ಹೇಳಿದ: "ಆ ದಿನ ಇನ್ನೊಮ್ಮೆ ಬಂದರೆ ನಾನು ತಾರಾನಾಥನ ಹೆಸರೇ ಹೇಳುವುದು, ಗುಣವತಿ. ಆ ರಾಜ ಮಾಡಿದ್ದು ತಪ್ಪು."

ಇಷ್ಟು ವರ್ಷ ಅವಳು ಕಾದದ್ದು ಈ ಮಾತಿಗೇ. ಕೇಳಿದ ಮೇಲೆ ಎದೆ ಹಗುರಾಗಲಿಲ್ಲ. ಮಗ ಹೋದಾಗ ಮನೆಯಲ್ಲಿ, ಹೇಳಿದ ಮಾತಿಗೆ ನಿಂತ ಆ ನಾಯಕನಾದರೂ ಉಳಿದಿದ್ದ. ಗಂಡನ ಈ ಮಾತಿನೊಂದಿಗೆ ಅವನೂ ಹೋದ. ಅವನಿಗಾಗಿ ಅಳುವವರು ಬೇರೆ ಯಾರಿದ್ದರು? ಗುಣವತಿ ಗಂಡನ ಪಕ್ಕದಲ್ಲಿ ಕುಳಿತು ಅತ್ತಳು.