ದೇವಕಿಯ ಆರು ಮಕ್ಕಳು

ಮರಾಠಿ ಸೀಮೆಯ ಕೋಥರೂಡದ ನಮ್ಮ ವಸತಿ ಸೊಸೈಟಿಯ ಹಾಲ್‌ನಲ್ಲಿ ಶ್ರಾವಣದ ಮಧ್ಯಾಹ್ನಗಳಲ್ಲಿ ಕನ್ನಡ ಹೆಂಗಸರ ಪುರಾಣ ನಡೆಯುತ್ತಿತ್ತು. ಓದಿ ಅರ್ಥ ಹೇಳುವವರು ನನ್ನ ಅತ್ತೆ. ಅವರ ಬಾಯಲ್ಲಿ ಗೋಕುಲವೆಂದರೆ ದೇಹ, ಹಸುಗಳೆಂದರೆ ಇಂದ್ರಿಯ, ಕಡೆಯುವ ಮೊಸರೆಂದರೆ ಮನಸ್ಸು. ಈಗಲೂ ಹೇಳುತ್ತೇನೆ, ಅವರಷ್ಟು ಚೆಂದ ಅರ್ಥ ಹೇಳುವವರನ್ನು ನಾನು ಕಂಡಿಲ್ಲ.

ಆ ವರ್ಷ ಕೃಷ್ಣ ಹುಟ್ಟುವ ಅಧ್ಯಾಯ ಬಂದಾಗ ನನ್ನ ಎರಡನೇ ಕೂಸು ಹೋಗಿ ತಿಂಗಳೂ ಆಗಿರಲಿಲ್ಲ. ಮೊದಲನೆಯದು ಹೊಟ್ಟೆಯಲ್ಲೇ ಹೋಗಿತ್ತು. ಇದು ಒಂದು ರಾತ್ರಿ ಉಸಿರಾಡಿತ್ತು. ಎದೆಯ ಹಾಲು ಇನ್ನೂ ಬತ್ತಿರಲಿಲ್ಲ. ಬಟ್ಟೆ ಬಿಗಿದು ಕಟ್ಟಿಕೊಂಡು ಕಡೆಯ ಸಾಲಿನಲ್ಲಿ ಕೂತಿದ್ದೆ.

"ದೇವಕಿ ಹಡದ ಆರು ಮಕ್ಕಳನ್ನ ಕಂಸ ಕಲ್ಲಿಗೆ ಬಡದಾ," ಅಂದರು ಅತ್ತೆ. "ಅಯ್ಯೋ ಅನಬ್ಯಾಡ್ರಿ. ಅವು ಖರೇ ಮಕ್ಕಳಲ್ಲ. ಕಾಮ, ಕ್ರೋಧ, ಲೋಭ, ಮೋಹ, ಮದ, ಮತ್ಸರ. ಆರೂ ಸತ್ತ ಮ್ಯಾಲೇ ಒಳಗ ದೇವರು ಹುಟ್ಟೂದು." ಆಮೇಲೆ ಕನ್ನಡಕದ ಮೇಲಿಂದ ನನ್ನನ್ನು ನೋಡಿದರು. "ನಮ್ಮ ಸೊಸೀದು ಎರಡು ಹೋಗ್ಯಾವ. ಇನ್ನ ನಾಲ್ಕು ಬಾಕಿ ಅವ."

ಹೆಂಗಸರು ಸೆರಗು ಬಾಯಿಗಿಟ್ಟು ನಕ್ಕರು.

"ಹಂಗಾರ ಕಂಸ ಯಾರ್ರಿ, ಅತ್ತಿ?" ನನ್ನ ಬಾಯಿಂದ ಬಂದೇಬಿಟ್ಟಿತು.

"ಕಂಸ ಅಂದ್ರ ಅಹಂಕಾರ."

"ಅಹಂಕಾರ ಯಾಕ ಕಾಮ ಕ್ರೋಧಾನ್ನ ಕೊಲ್ತದ್ರಿ? ಅವನ್ನ ಸಾಕೂದೇ ಅದಲ್ಲೇನ್ರಿ?"

ಪುಟದ ಮೇಲಿದ್ದ ಅವರ ಬೆರಳು ನಿಂತಿತು. "ಕೂಸು ಹಡೀಲಿಕ್ಕೆ ಬರಲಿಲ್ಲ, ಪ್ರಶ್ನಿ ಹಡೀಲಿಕ್ಕೆ ಬರ್ತದ ನೋಡ್ರಿ ಇಕಿಗೆ!"

ಈ ಸಲ ಯಾರೂ ಸೆರಗು ಹುಡುಕಲಿಲ್ಲ, ಬಾಯಿ ಬಿಟ್ಟೇ ನಕ್ಕರು.

ತೊಟ್ಟಿಲಲ್ಲಿ ಬೆಳ್ಳಿ ಕೃಷ್ಣನನ್ನು ಮಲಗಿಸಿ ಒಬ್ಬೊಬ್ಬರಾಗಿ ತೂಗಿದರು. ನನ್ನ ಸರದಿ ಬಂದಾಗ ಅತ್ತೆ ಹಗ್ಗ ಹಿಡಿದುಕೊಂಡರು. "ನೀ ಮುಟ್ಟಬ್ಯಾಡ. ಶುಂಠಿ ಸಕ್ಕರಿ ಹಂಚು ಹೋಗು." ಜೋಗುಳ ಶುರುವಾಗುತ್ತಲೇ ಕಟ್ಟಿದ ಬಟ್ಟೆಯೊಳಗೆ ಹಾಲು ಸುರಿಯಿತು. ಉಟ್ಟಿದ್ದು ಕರಿ ಹಸಿರು ಸೀರೆ, ಒದ್ದೆ ಎದ್ದು ಕಾಣಲಿಲ್ಲ. ಅದೂ ದೇವರ ದಯೆಯೇ, ಎಣಿಸಿಟ್ಟುಕೊಂಡಿದ್ದೇನೆ.

ಇನ್ನೊಂದು ದಯೆ ಬಾಗಿಲ ಹತ್ತಿರ ಕೂತಿತ್ತು. ಎದುರು ಮನೆಯ ಮರಾಠಿ ಅಜ್ಜಿ. ಕನ್ನಡ ಬಾರದು, ಪ್ರಸಾದಕ್ಕೆಂದೇ ಬರುತ್ತಿದ್ದರು. ನಾನು ಕೊಟ್ಟ ಶುಂಠಿ ಸಕ್ಕರೆಯಲ್ಲಿ ಒಂದು ಚಿಟಿಕೆ ಎತ್ತಿ ನನ್ನ ಬಾಯಿಗೇ ಹಾಕಿದರು. "ತೂ ಬಾಳಂತೀಣ ನಾ? ಆಧೀ ತೂ ಖಾ." ನೀನು ಬಾಣಂತಿ ಅಲ್ಲವೇ, ಮೊದಲು ನೀನು ತಿನ್ನು. ನಮ್ಮ ಮನೆಯಲ್ಲಿ ಯಾರೂ ನನ್ನನ್ನು ಬಾಣಂತಿ ಅಂದಿರಲಿಲ್ಲ.

ಆಮೇಲೆ ನನಗೆ ಮಕ್ಕಳಾಗಲಿಲ್ಲ. ಈಗ ಅತ್ತೆಗೆ ಕಣ್ಣು ಕಾಣುವುದಿಲ್ಲ, ದಿನಾ ನಾನೇ ಪುರಾಣ ಓದಿ ಹೇಳಬೇಕು. ಗೋಕುಲಕ್ಕೆ, ಹಸುಗಳಿಗೆ, ಮೊಸರಿಗೆ ಅವರು ಕಲಿಸಿದ ಅರ್ಥವನ್ನೇ ಹೇಳುತ್ತೇನೆ. ಆ ಅರ್ಥ ಹಿಡಿದೇ ನನ್ನ ಲೋಭ, ಮತ್ಸರಗಳನ್ನು ಅಷ್ಟಿಷ್ಟು ಹದಕ್ಕೆ ತಂದಿದ್ದೇನೆ. ಕ್ರೋಧವನ್ನು ಮಾತ್ರ ಯಾವ ಕಂಸನ ಕೈಗೂ ಕೊಟ್ಟಿಲ್ಲ.

ಆ ಅಧ್ಯಾಯ ಬಂದಾಗ ಅತ್ತೆ ಕೇಳುತ್ತಾರೆ, "ಆರು ಮಕ್ಕಳು ಅಂದ್ರ?"

"ಆರು ಮಕ್ಕಳ್ರಿ."

"ಅರ್ಥ ಹೇಳಽ."

"ಅಷ್ಟೇ ರೀ, ಅತ್ತಿ. ಆರು ಮಕ್ಕಳು."

ಕಾಣದ ಕಣ್ಣನ್ನು ನನ್ನ ಕಡೆ ತಿರುಗಿಸಿ, ಇನ್ನೇನಾದರೂ ಹೇಳುತ್ತೇನೇನೋ ಎಂದು ಕಾಯುತ್ತಾರೆ. ಕಾಯಲಿ.