ಸುಗುಣಕ್ಕನ ಕೀಬೋರ್ಡಿಗೆ ಬೊಟ್ಟು ಇಟ್ಟದ್ದು

ಕುಂದಾಪುರದ ಹತ್ತಿರದ ನಮ್ಮ ಕೋಡಿಯ ಕಡೆ ಮದುಮಗಳು ತವರಿನಿಂದ ತರುವುದು ಕಪಾಟು, ಪಾತ್ರೆ, ಹೆಚ್ಚೆಂದರೆ ಒಂದು ಹೊಲಿಗೆ ಮಿಷನ್ನು. ೧೯೯೭ರಲ್ಲಿ ಮುಂಬೈಯಿಂದ ಮದುವೆಯಾಗಿ ಬಂದ ಸುಗುಣಕ್ಕ ತಂದದ್ದು ಕೀಬೋರ್ಡು. ಟೆಂಪೋದಿಂದ ಆ ಉದ್ದನೆಯ ಪೆಟ್ಟಿಗೆ ಇಳಿಯುವಾಗ ಅವಳ ಅತ್ತೆ ಅಮ್ಮಣ್ಣಿ ಅಂಗಳದಲ್ಲೇ ನಿಂತು ಕೇಳಿದರು.

"ಎಂತದಿದ್? ನಾವ್ ಹೆಣ್ಣ್ ತಂದದ್ದಾ, ಬ್ಯಾಂಡ್ ಸೆಟ್ ತಂದದ್ದಾ?"

ನೆರೆಮನೆಯ ನಾನು ತಡೆಯಲಾರದೆ ನಕ್ಕುಬಿಟ್ಟೆ. ಅಮ್ಮಣ್ಣಿ ನನ್ನನ್ನು ಕೆಕ್ಕರಿಸಿ ನೋಡಿದರು.

ಸುಗುಣಕ್ಕ ಬೆಳೆದದ್ದು ಮುಂಬೈಯ ಚಾಳಿನಲ್ಲಿ. ಪಕ್ಕದ ಕೋಣೆಯ ಗೋವಾದ ಟೀಚರೊಬ್ಬರು ಕೀಬೋರ್ಡು ಕಲಿಸಿ, ಊರಿಗೆ ಹೊರಟಾಗ ತಮ್ಮದನ್ನೇ ಕೊಟ್ಟಿದ್ದರು. ಇಲ್ಲಿ ಅದರಿಂದ ಏನು ಪ್ರಯೋಜನ ಎಂದು ಎಲ್ಲರೂ ಅಂದುಕೊಂಡೆವು. ಆದರೆ ಮರುವರ್ಷ ಭಜನಾ ಮಂದಿರದ ಹಾರ್ಮೋನಿಯಂ ಅಜ್ಜ ತೀರಿಕೊಂಡರು. ಶನಿವಾರದ ಭಜನೆಗೆ ಶ್ರುತಿ ಹಿಡಿಯುವವರಿಲ್ಲ. ಬೇರೆ ದಾರಿ ಕಾಣದೆ ಮಂದಿರದ ಅಧ್ಯಕ್ಷ ಬಚ್ಚಣ್ಣ ಸುಗುಣಕ್ಕನನ್ನು ಕರೆದ.

ಇದು ಸಣ್ಣ ಸಂಗತಿಯಲ್ಲ. ನಮ್ಮ ಮಂದಿರದಲ್ಲಿ ಹೆಂಗಸರು ಕೂರುವುದು ಕಂಬದ ಹಿಂದೆ. ಹಾಡಬಹುದು, ಮೈಕು ಮಾತ್ರ ಅಲ್ಲಿಯವರೆಗೆ ಬರುವುದಿಲ್ಲ. ದೇವರ ಎದುರಿನ ಚಾಪೆಯ ಮೇಲೆ ಕುಳಿತ ಮೊದಲ ಹೆಂಗಸು ಸುಗುಣಕ್ಕ. ಕೀಬೋರ್ಡು ಇದ್ದದ್ದಕ್ಕೆ ಆ ಜಾಗ ಸಿಕ್ಕಿತು. ಅದು ಹೋದರೆ ಜಾಗವೂ ಹೋಗುತ್ತದೆ ಎಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

ಅದಕ್ಕೇ ಅದನ್ನು ಮಗುವಿನ ಹಾಗೆ ಸಾಕಿದಳು. ಸಮುದ್ರದ ಗಾಳಿ ನಮ್ಮ ಕಿಟಕಿಯ ಸರಳನ್ನೇ ತಿಂದುಹಾಕುತ್ತದೆ, ಇನ್ನು ಕೀಬೋರ್ಡಿನೊಳಗಿನ ತಂತಿಯನ್ನು ಬಿಡುತ್ತದೆಯೇ? ನುಡಿಸಿ ಮುಗಿದ ಕೂಡಲೇ ಹಳೆಯ ನೂಲಿನ ಸೀರೆಯಲ್ಲಿ ಸುತ್ತಿ ಪೆಟ್ಟಿಗೆಗೆ ಹಾಕುತ್ತಿದ್ದಳು. ಹೊಸ ಚಪ್ಪಲಿಯ ಡಬ್ಬಿಯಲ್ಲಿ ತೇವ ಹೀರುವ ಹರಳಿನ ಪುಟ್ಟ ಪೊಟ್ಟಣ ಇರುತ್ತದಲ್ಲ, ಕೇರಿಯಲ್ಲಿ ಯಾರು ಚಪ್ಪಲಿ ತಂದರೂ ಅದು ಸುಗುಣಕ್ಕನಿಗೆ ಮೀಸಲು. ಕುಂದಾಪುರದ ರೇಡಿಯೋ ರಿಪೇರಿಯ ಚೆನ್ನಯ್ಯನ ಅಂಗಡಿಯಲ್ಲಿ ನಿಂತು ಬೆಸುಗೆ ಹಾಕುವುದನ್ನೂ ಕಲಿತಳು. "ಅಡ್ಗಿ ಕಲಿ ಅಂದ್ರೆ ಸೀಸ ಕರ್ಗ್ಸುದ್ ಕಲ್ತ್‌ಕಂಡ್ ಬಂತ್" ಎಂದು ಅಮ್ಮಣ್ಣಿ ಗೊಣಗಿದರು.

೨೦೦೬ರ ಆಯುಧ ಪೂಜೆಯ ದಿನ ಎಡವಟ್ಟಾಯಿತು. ತಾಳ, ಜಾಗಟೆ, ಚೆಂಡೆಗಳ ಸಾಲಿನಲ್ಲಿ ಕೀಬೋರ್ಡನ್ನೂ ಇಟ್ಟಿದ್ದರು. ಸುಗುಣಕ್ಕ ಪ್ರಸಾದಕ್ಕೆ ಅವಲಕ್ಕಿ ಕಲಸಲು ಒಳಗೆ ಹೋಗಿದ್ದಳು. ಬಚ್ಚಣ್ಣನಿಗೆ ಭಕ್ತಿ ಉಕ್ಕಿ ಬಂತು.

"ಇಷ್ಟ್ ವರ್ಷ ದೇವ್ರ್ ಮುಂದೆ ಹಾಡಿತ್ತ್, ಒಂದೇ ಬೊಟ್ಟ್ ಸಾಕಾ?" ಎನ್ನುತ್ತಾ ಒಂದೊಂದು ಕೀಗೂ ಗಂಧ ಬಳಿದು, ಕುಂಕುಮ ಇಟ್ಟು, ಮೇಲಿನಿಂದ ಎಳನೀರನ್ನೂ ಪ್ರೋಕ್ಷಿಸಿದ. ನಾವೆಲ್ಲ ಕೈಮುಗಿದೆವು. ಒಬ್ಬರಿಗಾದರೂ ಬುದ್ಧಿ ಬೇಡವೇ?

ಸಂಜೆ ಭಜನೆಗೆ ಕುಳಿತಾಗ ಕೀಬೋರ್ಡು ಬಾಯಿ ಬಿಡಲಿಲ್ಲ. ಸುಗುಣಕ್ಕನ ಮುಖ ಬಿಳುಚಿಕೊಂಡಿತು. ಬಚ್ಚಣ್ಣನಿಗೂ ಪಾಪ ಅನಿಸಿತು. ಆದರೆ ಮುಂದಿನ ಭಾನುವಾರ ಏಕಾಹ ಭಜನೆ. ಸೂರ್ಯ ಹುಟ್ಟಿದಾಗ ಶುರುವಾದರೆ ಮರುದಿನ ಸೂರ್ಯ ಹುಟ್ಟುವವರೆಗೆ ಹಾಡು ನಿಲ್ಲುವ ಹಾಗಿಲ್ಲ.

"ಸುಗುಣಾ, ಶನಿವಾರದೊಳ್ಗೆ ಸರಿ ಆಯ್ಲಿಲ್ಲ ಅಂದ್ರೆ ತೆಕ್ಕಟ್ಟೆಯಿಂದ ಹಾರ್ಮೋನಿಯಂನವ್ರನ್ನ ಕರಿತೆ. ಬ್ಯಾಜಾರ್ ಮಾಡ್ಕಣ್ಬೇಡ" ಎಂದ. ಅವರು ಬಂದರೆ ಖಾಯಂ ಆಗಿಯೇ ಬರುತ್ತಾರೆ ಎಂಬ ಮಾತು ಆಗಲೇ ಕೇರಿಯಲ್ಲಿ ಓಡಾಡುತ್ತಿತ್ತು.

ಮರುದಿನ ಬೆಳಿಗ್ಗೆ ಸುಗುಣಕ್ಕ ಜಗಲಿಯಲ್ಲಿ ಸೀರೆ ಹಾಸಿ ಕೀಬೋರ್ಡನ್ನು ಕವುಚಿ ಹಾಕಿದಳು. ನಾನು ಸಹಾಯಕ್ಕೆಂದು ಹೋಗಿ ಬರೀ ಮಾತಾಡುತ್ತಾ ಕೂತೆ. ಸ್ಕ್ರೂ ಬಿಚ್ಚಿ ಕೀಗಳನ್ನು ಎತ್ತಿದರೆ ಒಳಗೆಲ್ಲ ಗಂಧ ಕುಂಕುಮದ ಕೆಸರು. ಕೀಗಳ ಅಡಿಯಲ್ಲಿ ಉದ್ದಕ್ಕೆ ಒಂದು ರಬ್ಬರಿನ ಪಟ್ಟಿ, ಅದರಲ್ಲಿ ಒಂದೊಂದು ಕೀಗೂ ಉಬ್ಬಿದ ಒಂದೊಂದು ಪುಟ್ಟ ಗುಬುಟು. ಗುಬುಟು ಒತ್ತಿದರೇ ಸ್ವರ ಹೊರಡುವುದು. ಎರಡು ದಿನ ಕೂತು ಸ್ಪಿರಿಟ್ಟಿನಲ್ಲಿ ಅದ್ದಿದ ಹತ್ತಿಯಿಂದ ಒರೆಸಿದಳು. ಕೀಬೋರ್ಡು ಉಸಿರಾಡಿತು. ಆದರೆ ನಡುವಿನ ಷಡ್ಜ ಮಾತ್ರ ಸತ್ತೇ ಹೋಗಿತ್ತು. ಒಣಗಿದ ಗಂಧಕ್ಕೆ ಅಂಟಿಕೊಂಡು ಅಲ್ಲಿಯ ಗುಬುಟು ಹರಿದಿತ್ತು.

ಚೆನ್ನಯ್ಯನನ್ನು ಕೇಳಿದರೆ, "ಈ ಮಾಡೆಲ್ಲೇ ನಿಂತ್ ಹೋಯ್ತ್ ಮಾರಾಯ್ತಿ, ರಬ್ಬರ್ ಎಲ್ಲಿಂದ ತರುದ್?" ಎಂದ. ಷಡ್ಜವೇ ಇಲ್ಲದೆ ಭಜನೆಗೆ ಕೂರುವುದು ಹೇಗೆ?

ಶುಕ್ರವಾರ ಸುಗುಣಕ್ಕನಿಗೆ ಹೊಳೆಯಿತು. ಬಲತುದಿಯ ಕೀಯನ್ನು ಭಜನೆಯಲ್ಲಿ ಯಾರೂ ಮುಟ್ಟುವುದಿಲ್ಲ. ಅಲ್ಲಿಯ ಗುಬುಟು ಕತ್ತರಿಸಿ ಇಲ್ಲಿ ಕೂರಿಸಿದರೆ? ಬ್ಲೇಡು ಹಿಡಿದಳು, ಮತ್ತೆ ಕೆಳಗಿಟ್ಟಳು. ಒಂದು ಗೆರೆ ತಪ್ಪಿದರೆ ಅದೂ ಹಾಳು.

ಅಂಗಳದಲ್ಲಿ ಸಿಗಡಿ ಸುಲಿಯುತ್ತಿದ್ದ ಅಮ್ಮಣ್ಣಿ ಕೈ ತೊಳೆದು ಬಂದರು. "ಬ್ಲೇಡ್ ತಾ ಇಲ್ಲ್. ಬದ್ಕಿಡೀ ಚಟ್ಲಿ ಬೆನ್ನಿನ್ ನರ ತೆಗ್ದದ್ ಕೈ ಇದ್."

ಸುಗುಣಕ್ಕ ಬೆರಳಿಟ್ಟು ತೋರಿಸಿದಳು. ಅಮ್ಮಣ್ಣಿ ಉಸಿರು ಬಿಗಿಹಿಡಿದು ಅಷ್ಟಗಲವನ್ನೇ ಕತ್ತರಿಸಿ ಸೊಸೆಯ ಅಂಗೈಗೆ ಹಾಕಿದರು. ನನಗೆ ಬಾಯಿ ಸುಮ್ಮನಿರಲಿಲ್ಲ.

"ಎಂತ ಅಮ್ಮ, ಬ್ಯಾಂಡ್ ಸೆಟ್ ಮೇಲೆ ಈಗ ಪ್ರೀತಿ ಬಂತಾ?"

ಅವರು ಈ ಸಲ ಕೆಕ್ಕರಿಸಲಿಲ್ಲ. "ಹರಿಣಾಕ್ಷಿ, ಮದಿ ಆಯ್ ಈ ಮನಿಗ್ ಬಂದಾಗ್ಳಿಂದ ನಾ ಆ ಕಂಬದ್ ಹಿಂದೆ ಕೂಕಂಡ್ ಹಾಡ್ದೆ. ನನ್ ಸ್ವರ ಹ್ಯಾಂಗಿತ್ತ್ ಅಂತ ಒಬ್ರಿಗೂ ಗೊತ್ತಿಲ್ಲ. ಈ ಹೆಣ್ಣ್ ತಿರ್ಗಿ ಅಲ್ಲಿಗ್ ಹೋಪ್ದ್ ಬ್ಯಾಡ."

ಸುಗುಣಕ್ಕ ಗುಬುಟನ್ನು ಕೂರಿಸಿ, ಕೀಗಳನ್ನು ಜೋಡಿಸಿ, ನಡುವಿನ ಷಡ್ಜವನ್ನು ಒತ್ತಿದಳು. ಸ್ವರ ಬಂತು! ನನಗೆ ಅಳುವೇ ಬಂತು, ಹೇಳಿಕೊಳ್ಳಲು ನಾಚಿಕೆಯೇನಿಲ್ಲ.

ಭಾನುವಾರ ಸೂರ್ಯ ಹುಟ್ಟುವ ಹೊತ್ತಿಗೆ ದೀಪ ಹಚ್ಚಿದ ಮೇಲೆ ಸುಗುಣಕ್ಕ ಎದುರಿನ ಚಾಪೆಯಲ್ಲಿ ಕುಳಿತಳು. ಆದರೆ ನುಡಿಸಲು ಶುರು ಮಾಡದೆ ಕಂಬದ ಕಡೆ ತಿರುಗಿ, "ಅತ್ತೆ, ಇಲ್ಲ್ ಬನ್ನಿ. ಮೊದ್ಲ್ ಹಾಡ್ ನಿಮ್ದ್" ಎಂದಳು.

ಮಂದಿರವಿಡೀ ಬಚ್ಚಣ್ಣನ ಮುಖ ನೋಡಿತು. ಆಯುಧ ಪೂಜೆಯ ತಪ್ಪು ಅವನ ತಲೆಯ ಮೇಲೆ ಇನ್ನೂ ಕೂತಿತ್ತೋ ಏನೋ, ಎದ್ದು ಹೋಗಿ ಇನ್ನೊಂದು ಚಾಪೆ ತಂದು ತಾನೇ ಹಾಸಿದ. "ಬನ್ನಿ ಅಮ್ಮ" ಎಂದು ಮೈಕನ್ನೂ ತಗ್ಗಿಸಿದ.

ಅಮ್ಮಣ್ಣಿ ಸೆರಗು ಸರಿಮಾಡಿಕೊಂಡು ಬಂದು ಕುಳಿತರು. "ನಂಗ್ ಅಷ್ಟ್ ಎತ್ರಕ್ಕೆ ಹೋಪುಕಾತಿಲ್ಲೆ" ಎಂದು ಸೊಸೆಯ ಕಿವಿಯಲ್ಲಿ ಹೇಳಿದರು. ಸುಗುಣಕ್ಕ ಒಂದು ಗುಂಡಿ ಒತ್ತಿ ಶ್ರುತಿಯನ್ನು ಅವರಿಗೆ ಬೇಕಾದಷ್ಟು ಇಳಿಸಿ, ರಿಪೇರಿಯಾದ ಷಡ್ಜದ ಮೇಲೆ ಬೆರಳಿಟ್ಟಳು.

ಅಮ್ಮಣ್ಣಿ ಹಾಡಿದರು. ಕಡಲ ದಂಡೆಯಲ್ಲಿ ಬಲೆ ಬಿಡಿಸುತ್ತಿದ್ದವರು, ಅದು ಯಾರ ಸ್ವರ ಎಂದು ಕೇಳಿಕೊಂಡು ಮಂದಿರಕ್ಕೆ ಬಂದರು.