ಗೊರಸಿನ ಸುತ್ತ ನೀಲಿ ಗೆರೆ

ಬೋಂಡ ತಿನ್ನುತ್ತ ತೀರ್ಪು ಕೊಡಬಾರದು. ಇದು ನಾನು ಮೊನ್ನೆ ತಾನೇ ಕಲಿತ ಪಾಠ. ಸಹಕಾರನಗರದ ನಮ್ಮ ಬೀದಿಯವರು ರಾಜ್ಯೋತ್ಸವಕ್ಕೆ ಮಕ್ಕಳ ಚಿತ್ರಸ್ಪರ್ಧೆ ಇಟ್ಟಿದ್ದರು. ಮೂವತ್ತೆಂಟು ಹಾಳೆಗಳನ್ನು ತಂದು ನನ್ನ ಊಟದ ಮೇಜಿನ ಮೇಲೆ ಸುರಿದು, ನೀವೇ ನೋಡಿ ನಂಬರ್ ಹಾಕಿಬಿಡಿ ಆಂಟಿ ಎಂದು ಹೇಳಿ ಹೋದರು. ಸಂಕ್ರಾಂತಿಗೆ ನಾನು ಗೇಟಿನ ಮುಂದೆ ಹಸುವಿನ ರಂಗೋಲಿ ಹಾಕುತ್ತೇನಲ್ಲ, ಅದನ್ನು ನೋಡಿ ನಾನು ಕಲಾವಿದೆ ಎಂಬ ಅನುಮಾನ ಅವರಿಗೆ ಬಂದಿದೆ. ಅದನ್ನು ಹೋಗಲಾಡಿಸಲು ನಾನೂ ಇದುವರೆಗೆ ಪ್ರಯತ್ನಪಟ್ಟಿಲ್ಲ.

ಕೆಂಪು ಪೆನ್ನು ಹಿಡಿದು ಕೂತೆ. ಇಪ್ಪತ್ತೊಂಬತ್ತು ವರ್ಷ ಆಡಿಟ್ ಸೆಕ್ಷನ್ನಿನಲ್ಲಿ ಕೂತು, ಬೇರೆಯವರ ತಪ್ಪು ಹುಡುಕಿಯೇ ಹೊಟ್ಟೆ ಹೊರೆದವಳು ನಾನು. ಕೈ ಸರಾಗವಾಗಿ ಓಡಿತು. ಇದರಲ್ಲಿ ಸೂರ್ಯ ಮೂಲೆಯಲ್ಲಿ ಸಿಕ್ಕಿಕೊಂಡಿದ್ದಾನೆ, ಹತ್ತಕ್ಕೆ ನಾಲ್ಕು. ಅದರಲ್ಲಿ ಮನುಷ್ಯನಿಗಿಂತ ಹೂವು ದೊಡ್ಡದು, ಹತ್ತಕ್ಕೆ ಮೂರು. ಹನ್ನೆರಡನೇ ಹಾಳೆಗೆ ಬರುವ ಹೊತ್ತಿಗೆ ಎಡಗೈಯಲ್ಲಿದ್ದ ಬೋಂಡದಿಂದ ಎಣ್ಣೆ ತೊಟ್ಟಿಕ್ಕಿತು. ಅಯ್ಯೋ ಎಂದು ಸೆರಗಿನಿಂದ ಒರೆಸಿದೆ. ಒರೆಸಿದಷ್ಟೂ ಹರಡಿತು. ಕಾಗದ ಅಷ್ಟಗಲ ಗಾಜಿನ ಹಾಗೆ ಆಗಿ, ಕೆಳಗಿದ್ದ ಹದಿಮೂರನೇ ಮಗುವಿನ ತೆಂಗಿನಮರ ಮೇಲಕ್ಕೆ ಕಾಣತೊಡಗಿತು. ಆ ತೆಂಗಿನಮರ ನೋಡಿದ್ದೇ ತಡ, ನನಗೆ ಬಡಿಗೇರ ಮೇಷ್ಟ್ರು ನೆನಪಾದರು. ಎಣ್ಣೆ ಕಾಗದಕ್ಕೂ ಅವರಿಗೂ ನನಗೂ ಒಂದು ಹಳೇ ವ್ಯವಹಾರ ಇದೆ. ನಿಮಗೆ ಹೇಳದಿದ್ದರೆ ನನಗೆ ಸಮಾಧಾನ ಇಲ್ಲ.

ಎಪ್ಪತ್ತರ ದಶಕದ ಕೊನೆ ಇರಬೇಕು. ನಮ್ಮದು ಹೆಬ್ಬಾಳದಲ್ಲೇ ಬೇರುಬಿಟ್ಟ ಮನೆ. ಆಗ ಹೆಬ್ಬಾಳ ಅಂದರೆ ಕೆರೆ, ಹಿಂದೆ ರಾಗಿ ಹೊಲ, ದ್ರಾಕ್ಷಿ ತೋಟ, ಮುಂದೆ ಬಳ್ಳಾರಿ ರಸ್ತೆಯ ಲಾರಿಗಳು. ಬೆಂಗಳೂರಿಗೆ ಹೋಗ್ಬರ್ತೀನಿ ಎಂದು ಹೇಳಿ ಬಸ್ಸು ಹತ್ತುತ್ತಿದ್ದ ಕಾಲ. ಅಲ್ಲಿನ ಹೈಸ್ಕೂಲಿಗೆ ಗದಗಿನ ಕಡೆಯಿಂದ ಡ್ರಾಯಿಂಗ್ ಮೇಷ್ಟ್ರಾಗಿ ಬಂದವರು ಬಡಿಗೇರರು. ಸಂಜಯನಗರದಲ್ಲಿ ಒಂದು ಕೋಣೆ ಮಾಡಿಕೊಂಡು, ಅಲ್ಲಿಂದ ಸೈಕಲ್ಲಿನಲ್ಲಿ ಬರುತ್ತಿದ್ದರು. ಅವರು ಹಸುವಿಗೆ ಆಕಳ ಅಂದಾಗಲೆಲ್ಲ ನಾವು ಬೆಂಚಿನ ಕೆಳಗೆ ಬಗ್ಗಿ ನಗುತ್ತಿದ್ದೆವು. ನಾವು ಬರ್ತದೆ, ಓಯ್ತದೆ ಅನ್ನುವಾಗ ಅವರು ಕಿಟಕಿಯ ಕಡೆ ತಿರುಗಿ ನಗುತ್ತಿದ್ದರು. ಅಲ್ಲಿಗೆ ಲೆಕ್ಕ ಸರಿಹೋಯಿತು.

ಆಗಿನ ಮೇಷ್ಟ್ರುಗಳೆಲ್ಲರ ಜೇಬಿನಲ್ಲಿ ಒಂದು ಪೆನ್ಸಿಲ್ಲು ಇರುತ್ತಿತ್ತು, ನಿಮಗೂ ನೆನಪಿರಬಹುದು: ಒಂದು ತುದಿ ಕೆಂಪು, ಇನ್ನೊಂದು ತುದಿ ನೀಲಿ. ಉಳಿದ ಮೇಷ್ಟ್ರುಗಳದು ಕೆಂಪು ತುದಿ ಸವೆದು ಮೊಂಡಾಗಿರುತ್ತಿತ್ತು. ಬಡಿಗೇರ ಮೇಷ್ಟ್ರದು ಉಲ್ಟಾ. ಅವರು ಕೆಂಪು ತುದಿಯನ್ನು ಹೆರೆದದ್ದನ್ನೇ ನಾನು ನೋಡಿಲ್ಲ. ಚಿತ್ರದಲ್ಲಿ ಎಲ್ಲಿ ಸರಿ ಬಂದಿದೆಯೋ ಅಲ್ಲಿಗೆ ನೀಲಿಯಲ್ಲಿ ಒಂದು ಸುತ್ತು ಹಾಕುವುದು, ಅಷ್ಟೇ ಅವರ ತಿದ್ದುಪಡಿ. ತಪ್ಪಾದದ್ದರ ತಂಟೆಗೇ ಹೋಗುತ್ತಿರಲಿಲ್ಲ. ನೀಲಿ ಮುಗಿದ ಮೇಲೆ ಪೆನ್ಸಿಲನ್ನು ಬ್ಲೇಡಿನಿಂದ ಎರಡು ತುಂಡು ಮಾಡಿ, ಕೆಂಪಿನ ಅರ್ಧವನ್ನು ಗಣಿತದ ಮೇಷ್ಟ್ರಿಗೆ ಕೊಟ್ಟುಬಿಡುತ್ತಿದ್ದರು. ಅವರಿಗೆ ಅದು ಎಷ್ಟಿದ್ದರೂ ಸಾಲುತ್ತಿರಲಿಲ್ಲ. ಯಾಕೆ ಸಾರ್ ಕೆಂಪು ಹಾಕಲ್ಲ ಎಂದು ನಮ್ಮ ಕ್ಲಾಸಿನ ಸರಳಾ ಒಮ್ಮೆ ಕೇಳಿಯೇಬಿಟ್ಟಳು.

"ತಪ್ಪು ತೋರಸಾಕ ಮಂದಿ ಭಾಳ ಅದಾರವಾ. ಸರಿ ಬಂದದ್ದು ತೋರಸಾಕ ಒಬ್ಬಾಂವರ ಬೇಕಲ್ಲ" ಎಂದರು ಮೇಷ್ಟ್ರು.

ಅವರ ಪಾಠ ಅಂದರೆ ಒಂದು ಹಿತ್ತಾಳೆ ಚೊಂಬು. ಜೂನಿನಲ್ಲಿ ಅದನ್ನು ಮೇಜಿನ ಮೇಲೆ ಇಟ್ಟರು, ಬರೀರಿ ಅಂದರು. ಮುಂದಿನ ವಾರವೂ ಅದೇ ಚೊಂಬು. ಆಗಸ್ಟಿನಲ್ಲೂ ಅದೇ. ನಮಗೆ ರೋಸಿಹೋಯಿತು. ಅವರಿಗೆ ಮಾತ್ರ ಪ್ರತಿ ವಾರ ಅದು ಹೊಸ ಚೊಂಬೇ. ಹಿಂದಿನ ಬೆಂಚಿನಲ್ಲಿ ತೂಕಡಿಸುತ್ತಿದ್ದ ಮುನಿರಾಜು ಒಂದು ದಿನ ಚೊಂಬಿನ ನೆರಳನ್ನು ಮಾತ್ರ ಗೀಚಿ ಮಲಗಿದ್ದ. ಅವನ ನೆರಳಿಗೆ ಎಂಥಾ ನೀಲಿ ಸುತ್ತು ಬಿತ್ತು ಅಂತೀರಿ! ಅವತ್ತಿನಿಂದ ಅವನು ಡ್ರಾಯಿಂಗ್ ಪೀರಿಯಡ್ಡಿನಲ್ಲಿ ನಿದ್ದೆ ಮಾಡಲಿಲ್ಲ.

ಎಲ್ಲರಿಗೂ ಒಂದಲ್ಲ ಒಂದು ಸುತ್ತು ಬಂತು, ನನಗೆ ಮಾತ್ರ ಬರಲಿಲ್ಲ. ಕಾರಣ ನನಗೆ ಗೊತ್ತಿತ್ತು, ಮೇಷ್ಟ್ರಿಗೆ ಗೊತ್ತಿಲ್ಲ ಅಂದುಕೊಂಡಿದ್ದೆ. ನಾನು ಊಟದ ಬೆಲ್ಲಿನಲ್ಲಿ ಸರಳಾಳ ಪುಸ್ತಕ ಇಸಕೊಂಡು ಅದನ್ನೇ ನೋಡಿ ಬರೆಯುತ್ತಿದ್ದೆ. ಚೊಂಬಿನ ಹೊಟ್ಟೆಯಲ್ಲಿ ಒಂದು ನೆಗ್ಗು ಇತ್ತು. ಅದು ಸರಳಾ ಕೂತ ಕಡೆಗೆ ಕಾಣುತ್ತಿತ್ತು, ನನ್ನ ಕಡೆಗೆ ಕಾಣುತ್ತಿರಲಿಲ್ಲ. ನನ್ನ ಚಿತ್ರದಲ್ಲಿ ಪ್ರತಿ ವಾರವೂ ನೆಗ್ಗು! ಮೇಷ್ಟ್ರು ನನ್ನ ಜಾಗದಲ್ಲಿ ಕೂತು, ಚೊಂಬು ನೋಡಿ, ನನ್ನ ಹಾಳೆ ನೋಡಿ, ಇನ್ನೊಂದು ಬರಿ ತಂಗಿ ಎಂದು ಕೊಟ್ಟು ಹೋಗುತ್ತಿದ್ದರು. ಅವರು ಯಾಕೆ ಅಲ್ಲಿ ಕೂತು ನೋಡುತ್ತಿದ್ದರು ಎಂದು ನನ್ನ ದಡ್ಡ ತಲೆಗೆ ಹೊಳೆದದ್ದು ಮದುವೆಯಾದ ಮೇಲೆ.

ಇಷ್ಟರಲ್ಲಿ ಮನೆಯಲ್ಲಿ ಇನ್ನೊಂದು ಕಥೆ ನಡೆದಿತ್ತು. ನಮ್ಮಜ್ಜಿಗೆ ಓದು ಬರುತ್ತಿರಲಿಲ್ಲ, ಆದರೆ ಸುತ್ತು ಎಣಿಸಲು ಓದು ಯಾಕೆ ಬೇಕು? ಡ್ರಾಯಿಂಗ್ ಕ್ಲಾಸಿದ್ದ ದಿನ ಸಂಜೆ, ಇವತ್ತೆಷ್ಟು ಸುತ್ತು ಬಂತು ಮಗಾ ಎಂದು ಕೇಳುತ್ತಿತ್ತು. ಮೊದಲ ದಿನ ಒಂದು ಅಂದೆ. ಒಂದು ಅಂದಮೇಲೆ ನಿಲ್ಲಿಸುವುದು ಹೇಗೆ? ದೀಪಾವಳಿ ಹೊತ್ತಿಗೆ ಏಳಾಗಿತ್ತು. ಅಜ್ಜಿ ಇದನ್ನು ಬೀದಿಗೆಲ್ಲ ಹಂಚಿ, ಪಕ್ಕದ ಮನೆ ಮುನಿಯಮ್ಮನಿಗೆ ಎರಡು ಸಲ ಹೇಳಿತ್ತು. ಮುನಿಯಮ್ಮ ನಮಗೆ ಹಾಲು ಕೊಡುತ್ತಿದ್ದವರು. ಅಷ್ಟರಲ್ಲಿ ಶಾಲೆಯ ವಾರ್ಷಿಕೋತ್ಸವದ ಸುದ್ದಿ ಬಂತು. ಅವತ್ತು ಮಕ್ಕಳ ಚಿತ್ರಗಳನ್ನು ಗೋಡೆಗೆ ಹಚ್ಚುತ್ತಾರೆ, ಆದರೆ ಕಡೇಪಕ್ಷ ಒಂದು ನೀಲಿ ಸುತ್ತು ಇರುವ ಹಾಳೆಗಳನ್ನು ಮಾತ್ರ. ಮನೆಯಲ್ಲಿ ದಿನಾ ಕಾಣುವುದನ್ನು ಬರೆದು ತನ್ನಿ ಎಂದರು ಮೇಷ್ಟ್ರು. ನಾನೂ ಮುನಿಯಮ್ಮನೂ ಇಬ್ಬರೂ ಬರ್ತೀವಿ ಎಂದಿತು ಅಜ್ಜಿ. ಎರಡು ದಿನ ಅಜ್ಜಿಯ ಕಣ್ಣು ತಪ್ಪಿಸಿ ಓಡಾಡಿದೆ.

ಮೂರನೇ ದಿನ ನಡುಮನೆಯ ಕ್ಯಾಲೆಂಡರಿನ ಮೇಲೆ ಕಣ್ಣು ಬಿತ್ತು. ಬಿಳೀ ಹಸು, ಕೊರಳಿಗೆ ಗಂಟೆ, ಕಣ್ಣು ಎಷ್ಟು ದೊಡ್ಡದು! ದಿನಾ ಕಾಣುವುದೇ ತಾನೆ? ಕ್ಯಾಲೆಂಡರು ದಿನಾ ಕಾಣುತ್ತಿತ್ತು. ತಲೆಗೆ ಹಚ್ಚುವ ಕೊಬ್ಬರಿ ಎಣ್ಣೆಯನ್ನು ಹಾಳೆಗೆ ಸವರಿ, ಹಸುವಿನ ಮೇಲಿಟ್ಟು ಗೆರೆಗೆ ಗೆರೆ ಎಳೆದೆ. ಎಣ್ಣೆ ಹೀರಲಿ ಎಂದು ಮೇಲೆ ಅಕ್ಕಿಹಿಟ್ಟು ಉದುರಿಸಿದೆ. ಬುದ್ಧಿವಂತಿಕೆಗೆ ಕೊರತೆ ಇರಲಿಲ್ಲ ನೋಡಿ. ಆದರೆ ಒಂದು ತೊಡಕು ಎದುರಾಯಿತು. ತಾರೀಖಿನ ಕಟ್ಟನ್ನು ಸರಿಯಾಗಿ ಹಸುವಿನ ಕಾಲ ಮೇಲೆ ಹೊಡೆದಿದ್ದರು. ಮಂಡಿಯಿಂದ ಕೆಳಗೆ ಹಸುವೇ ಇಲ್ಲ! ಕಾಲಿಲ್ಲದ ಹಸುವನ್ನು ಯಾರು ಒಪ್ಪುತ್ತಾರೆ? ಬೇರೆ ದಾರಿ ಕಾಣದೆ, ಹಾಳೆ ತಗೊಂಡು ಮುನಿಯಮ್ಮನ ಕೊಟ್ಟಿಗೆಗೆ ಹೋಗಿ, ಅವರ ಹಸು ಗೌರಿಯ ಪಕ್ಕ ಕುಕ್ಕರುಗಾಲಲ್ಲಿ ಕೂತು, ಕೆಳಗಿನ ಒಣ ಜಾಗದಲ್ಲಿ ನಾಲ್ಕು ಗೊರಸು ಬರೆದೆ. ಗೌರಿ ಒಂದು ಸಲ ಬಾಲದಿಂದ ಮುಖಕ್ಕೆ ಬಾರಿಸಿತು.

ಮಾರನೇ ದಿನ ಮೇಷ್ಟ್ರು ನನ್ನ ಹಾಳೆ ತಗೊಂಡರು. ಮೂಸಿ ನೋಡಿದರು. ಬಾ ತಂಗಿ ಎಂದು ನನ್ನನ್ನು ಕಿಟಕಿಯ ಹತ್ತಿರ ಕರೆದು, ಹಾಳೆಯನ್ನು ಬೆಳಕಿಗೆ ಹಿಡಿದರು. ಹಸುವಿನ ಹೊಟ್ಟೆಯೊಳಗಿಂದ ಶಾಲೆಯ ಮೈದಾನ, ಮೈದಾನದಾಚೆಯ ಹುಣಸೇಮರ ಎಲ್ಲಾ ಕಾಣಿಸಿತು. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು ನನಗೆ. ಅವರು ತುಂಬಾ ಹೊತ್ತು ನೋಡಿದರು. ಆಮೇಲೆ ಜೇಬಿನಿಂದ ಪೆನ್ಸಿಲ್ ತೆಗೆದು, ಹಿಂದಿನ ಎಡಗಾಲಿನ ಗೊರಸಿನ ಸುತ್ತ ನಿಧಾನವಾಗಿ ನೀಲಿ ಗೆರೆ ಎಳೆದರು.

"ಈ ಗೊರಸು ನಿಂದು" ಎಂದರು, ಬೇರೆ ಯಾರಿಗೂ ಕೇಳಿಸದ ಹಾಗೆ. "ಉಳದ ಆಕಳ ಯಾರದೋ ಏನೋ."

ನಾನು ಅಳುವುದಕ್ಕೆ ತಯಾರಾಗಿದ್ದೆ. ಬೈದಿದ್ದರೆ ಅತ್ತುಬಿಡುತ್ತಿದ್ದೆ. ಅವರು ಬೀರುವಿನಿಂದ ಒಂದು ಹೊಸ ಹಾಳೆ ತೆಗೆದು ಕೊಟ್ಟು, ಗೊರಸಿನಿಂದ ಶುರು ಮಾಡು, ಮೇಲಕ್ಕೆ ಎಷ್ಟು ಹೋಗುತ್ತದೋ ಅಷ್ಟು ಹೋಗಲಿ, ನೋಡಿದ್ದನ್ನು ಬಿಟ್ಟು ಬೇರೇನೂ ಬರೆಯಬೇಡ ಎಂದರು. ಉತ್ಸವಕ್ಕೆ ಹತ್ತು ದಿನ ಇತ್ತು. ದಿನಾ ಶಾಲೆ ಬಿಟ್ಟ ಮೇಲೆ ಗೌರಿಯ ಮುಂದೆ ಕೂತೆ. ಗೊರಸು ಅಂದರೆ ಏನೆಲ್ಲ ಇದೆ ಗೊತ್ತಾ? ನಡುವೆ ಸೀಳು, ಹಿಂದೆ ಎರಡು ಪುಟ್ಟ ಗುಬುಟು, ಅದರ ಮೇಲೆ ಮಡಿಕೆ ಬಿದ್ದ ಚರ್ಮ. ಹದಿಮೂರು ವರ್ಷ ಆ ಕೊಟ್ಟಿಗೆಯ ಹಾಲು ಕುಡಿದು, ಹಸುವಿನ ಕಾಲನ್ನೇ ನಾನು ನೋಡಿರಲಿಲ್ಲ. ಮೊದಲ ಐದು ದಿನ ನಾಲ್ಕು ಗೊರಸಿಗೇ ಹಿಡಿಯಿತು. ಹತ್ತನೇ ದಿನ ಮಂಡಿ ಮುಟ್ಟಿದೆ. ಅಲ್ಲಿಗೆ ಟೈಮು ಮುಗಿಯಿತು.

ಸರಿ, ವಾರ್ಷಿಕೋತ್ಸವದ ದಿನ ಗೋಡೆ ತುಂಬ ಗುಡಿ, ನವಿಲು, ಹೂಕುಂಡ. ನಡುವೆ ನನ್ನದು, ನಾಲ್ಕು ಕಾಲು. ಮೇಲೆ ಏನೂ ಇಲ್ಲ. ಮೂರು ನೀಲಿ ಸುತ್ತು. ಹೊಸ ಸೀರೆ ಉಟ್ಟು ಅಜ್ಜಿ ಬಂತು, ಜೊತೆಗೆ ಮುನಿಯಮ್ಮ. ನಾನು ಕಂಬದ ಹಿಂದೆ ನಿಂತೆ. ಅಜ್ಜಿ ಒಂದೊಂದೇ ಚಿತ್ರ ನೋಡುತ್ತಾ ಬಂದು ನನ್ನದನ್ನು ದಾಟಿ ಮುಂದೆ ಹೋಗಿಬಿಟ್ಟಿತು. ಮುನಿಯಮ್ಮ ಮಾತ್ರ ಗಕ್ಕನೆ ನಿಂತರು. ಬಗ್ಗಿ ನೋಡಿದರು. ಸೆರಗಿನಿಂದ ಬಾಯಿ ಮುಚ್ಚಿಕೊಂಡರು.

"ಅಮ್ಮಯ್ಯ, ಇಲ್ ಬಾ ಇಲ್ಲಿ. ಇದು ನಮ್ ಗೌರಿ ಅಲ್ವಾ? ಎಡಗಾಲ್ನ ಇಂಗೆ ಆಚೆಗ್ ತಿರುಗ್ಸಿ ನಿಂತ್ಕಳದು ನಮ್ ಗೌರಿ ಒಂದೇಯಾ."

ಮೈಯಿಲ್ಲ, ಮುಖವಿಲ್ಲ, ಕೊಂಬಿಲ್ಲ. ನಾಲ್ಕು ಕಾಲು ನೋಡಿ ಹಸುವಿನ ಹೆಸರು ಹೇಳಿದರು ಮುನಿಯಮ್ಮ! ನಾನು ಕಂಬದ ಹಿಂದೆಯೇ ಗಳಗಳ ಅತ್ತೆ. ಅಷ್ಟು ಖುಷಿಯಾಗಿತ್ತು. ಮೇಷ್ಟ್ರು ದೂರದಲ್ಲಿ ಗಣಿತದ ಮೇಷ್ಟ್ರ ಜೊತೆ ನಿಂತಿದ್ದರು. ಮುನಿಯಮ್ಮನ ಮಾತು ಕೇಳಿಸಿರಬೇಕು, ಜೇಬಿನ ಪೆನ್ಸಿಲನ್ನು ಒಂದು ಸಲ ಮುಟ್ಟಿ ನೋಡಿಕೊಂಡರು. ಅಜ್ಜಿ ವಾಪಸು ಬಂದು ಬೆರಳಿಟ್ಟು ಸುತ್ತುಗಳನ್ನು ಎಣಿಸಿತು, ಒಂದು, ಎರಡು, ಮೂರು. ಏಳು ಎಲ್ಲಿ ಎಂದು ಈಗ ಕೇಳುತ್ತದೆ ಅಂದುಕೊಂಡೆ. ಅಜ್ಜಿ ಕೇಳಲಿಲ್ಲ. ಮನೆಗೆ ನಡೆಯುತ್ತಾ, ದಾರಿಯಲ್ಲಿ, "ಇವು ಮೂರು ದಿಟದವು, ಅಲ್ವಾ ಮಗಾ?" ಅಂದಿತು. ಹೂಂ ಅಂದೆ. ಅಷ್ಟು ಸಾಕು ಕಣೇ ಎಂದು ನನ್ನ ಕೈ ಹಿಡಿದುಕೊಂಡಿತು.

ಗೌರಿಯ ಮೈಯನ್ನು ನಾನು ಆಮೇಲೂ ಪೂರ್ತಿ ಮಾಡಲಿಲ್ಲ. ಮೇಷ್ಟ್ರಿಗೆ ಎರಡು ವರ್ಷದಲ್ಲಿ ಅವರ ಊರ ಕಡೆಗೇ ವರ್ಗವಾಯಿತು. ಈಗಲೂ ನನ್ನ ರಂಗೋಲಿ ಹಸುವಿನ ಮುಖ ಅಷ್ಟಕ್ಕಷ್ಟೇ. ಕಾಲು ಮಾತ್ರ, ನಾನೇ ಹೇಳಿಕೊಳ್ಳಬಾರದು, ಆದರೂ ಹೇಳುತ್ತೇನೆ, ಈ ಬಡಾವಣೆಯಲ್ಲಿ ಅಂಥ ಕಾಲು ಬರೆಯುವವರು ಇನ್ನೊಬ್ಬರಿಲ್ಲ.

ಬೋಂಡ ಆರಿಹೋಗಿತ್ತು. ಕೆಂಪು ಪೆನ್ನನ್ನು ಮುಚ್ಚಿಟ್ಟು, ಚಪ್ಪಲಿ ಮೆಟ್ಟಿಕೊಂಡು ಕೊಡಿಗೇಹಳ್ಳಿಯ ಪುಸ್ತಕದಂಗಡಿಗೆ ಹೋದೆ. ಕೆಂಪು-ನೀಲಿ ಪೆನ್ಸಿಲ್ ಕೇಳಿದರೆ ಹುಡುಗಿ ಕಣ್ಣು ಕಣ್ಣು ಬಿಟ್ಟಳು. ಒಳಗಿದ್ದ ಅವಳ ತಂದೆ ಯಾವುದೋ ಡಬ್ಬ ತಡಕಾಡಿ, ಕಡೇದು ಮೇಡಂ ಎಂದು ಒಂದು ಕೊಟ್ಟರು. ಮನೆಗೆ ಬಂದು ನೀಲಿಯನ್ನು ಹೆರೆದೆ. ಮೊದಲಿನ ಹನ್ನೊಂದು ಹಾಳೆಗಳನ್ನು ಹೊಸದಾಗಿ ನೋಡಿದೆ. ಮನುಷ್ಯನಿಗಿಂತ ದೊಡ್ಡದಾಗಿದ್ದ ಆ ಹೂವಿನ ಮೇಲೆ ಮಗು ಒಂದು ಸಣ್ಣ ಇರುವೆಯನ್ನೂ ಬರೆದಿತ್ತು. ಮೊದಲ ಸಲ ನನಗೆ ಅದು ಕಂಡೇ ಇರಲಿಲ್ಲ.

ಕೊನೆಗೆ ಎಣ್ಣೆ ಬಿದ್ದ ಹಾಳೆ. ಅದೇ ಬೆಟ್ಟ, ಅದೇ ಸೂರ್ಯ, ಅದೇ ಮನೆ. ಎಲ್ಲಾ ಪುಸ್ತಕದಿಂದ ಇಳಿಸಿದ್ದು. ಇದರಲ್ಲಿ ಈ ಮಗುವಿನದು ಯಾವುದು? ಕನ್ನಡಕ ಒರೆಸಿ ಒರೆಸಿ ಹುಡುಕಿದೆ. ಸಿಕ್ಕಿತು. ಬಾಗಿಲ ಮುಂದೆ ಒಂದು ಜೊತೆ ಪುಟ್ಟ ಚಪ್ಪಲಿ, ಒಂದು ನೆಟ್ಟಗೆ, ಇನ್ನೊಂದು ಮಗುಚಿ ಬಿದ್ದಿತ್ತು. ಅವಸರದಲ್ಲಿ ಒಳಗೆ ಓಡಿದ ಮಗುವಿನ ಚಪ್ಪಲಿ. ಅದನ್ನು ಯಾವ ಪುಸ್ತಕವೂ ಕಲಿಸುವುದಿಲ್ಲ. ಅದರ ಸುತ್ತ ನಿಧಾನವಾಗಿ ನೀಲಿ ಗೆರೆ ಎಳೆದೆ. ಆಮೇಲೆ ಎಣ್ಣೆಯ ಕಲೆ ಒಂದು ಬಾಕಿ ಇತ್ತು. ಅದನ್ನು ಮುಚ್ಚಲು ಅಕ್ಕಿಹಿಟ್ಟು ತರಲಿಲ್ಲ. ಅದರ ಪಕ್ಕದ ಒಣ ಜಾಗದಲ್ಲಿ ನೀಲಿಯಲ್ಲೇ ಸಣ್ಣದಾಗಿ ಬರೆದೆ: ಎಣ್ಣೆ ನನ್ನದು, ಚಪ್ಪಲಿ ನಿನ್ನದು.